ಗೆಜ್ಜೆಪಟ್ಟಿ ಹೊಲಿಯುವಾಗ ಪಿಂಜುವ ದಾರ: ಜತ್ತದ ಒಂದು ಮಷೀನಿನ ಪ್ರಕರಣ

ಪಟ್ಟಿಯ ಮೇಲೆ ಹೊಲಿಗೆ ಒಂದು ಗೇಣು ಸಾಗುವಷ್ಟರಲ್ಲಿ ಸೂಜಿಯ ಕಣ್ಣಿನ ಮೇಲೆ ದಾರ ಪಿಂಜತೊಡಗುತ್ತಿತ್ತು. ಮೊದಲು ಸಣ್ಣ ಎಳೆ ಒಂದೆರಡು ಏಳುತ್ತಿದ್ದವು. ಮುಂದಿನ ನಾಲ್ಕೈದು ಹೊಲಿಗೆಯಲ್ಲಿ ಅವು ಮುದುಡಿ ದಾರಕ್ಕೇ ಸುತ್ತಿಕೊಂಡು ಗಂಟಾಗಿ, ಕಣ್ಣಿನೊಳಗೆ ಇಳಿಯದೆ ಮೇಲೇ ನಿಂತು, ಕೊನೆಗೆ ದಾರ ಪಟ್ಟನೆ ಕಡಿಯುತ್ತಿತ್ತು. ಹಿಂದಕ್ಕೆ ಹೊಲಿದು ಗಟ್ಟಿ ಮಾಡುವ ಕಡೆ ಇದು ಇನ್ನೂ ಬೇಗ ಆಗುತ್ತಿತ್ತು.

ಸಾಂಗ್ಲಿ ಜಿಲ್ಲೆಯ ಜತ್ತದಲ್ಲಿ ಎತ್ತಿನ ಸಾಮಾನು ಮಾಡುವ ಒಂದು ತೊಗಲಿನ ಅಂಗಡಿ. ಕಾರಹುಣ್ಣಿಮೆಗೆ ಮುಂಚೆ ಕಿಲಾರಿ ಎತ್ತುಗಳ ಕೊರಳಿಗೆ ಗೆಜ್ಜೆಪಟ್ಟಿ, ಗಂಟೆಪಟ್ಟಿ, ಹಣೆಪಟ್ಟಿ ಬೇಕೆಂದು ಗಡಿಯ ಎರಡೂ ಕಡೆಯಿಂದ ಗಿರಾಕಿ ಬರುವ ಹೊತ್ತು. ಮಷೀನು ಸಪಾಟು ಮೇಜಿನದು. ಒಳಪಾದ, ಹೊರಪಾದ, ಸೂಜಿ ಮೂರೂ ಕೂಡಿ ತೊಗಲನ್ನು ನಡೆಸುವ ವಾಕಿಂಗ್ ಫೂಟ್ ಜಾತಿ. ಸೂಜಿಯ ಬಲಕ್ಕೆ, ಕೆಳಗೆ ಸುತ್ತುತ್ತ ಮೇಲಿನ ದಾರದ ಕುಣಿಕೆಯನ್ನು ಹಿಡಿಯುವ ದೊಡ್ಡ ಹುಕ್ಕು, ಮೇಜಿನ ಕೆಳಗೆ ಸರ್ವೋ ಮೋಟರು. ಹೊಲಿಯಬೇಕಾದ ಪಟ್ಟಿ ಹೀಗಿದೆ: 3 ಮಿ.ಮೀ. ದಪ್ಪದ ಎಮ್ಮೆ ತೊಗಲು ಎರಡು ಪದರ, ಕೊರಳಿಗೆ ತಾಗುವ ಕಡೆ 1 ಮಿ.ಮೀ. ಮೆತ್ತನೆ ಆಡಿನ ತೊಗಲು, ನಡುವೆ ರಬ್ಬರ್ ಸೊಲ್ಯೂಷನ್. ಒಟ್ಟು 7 ಮಿ.ಮೀ. ಬಕಲ್ ಕೂರಿಸುವ ತುದಿಯಲ್ಲಿ ಒಂದು ಪದರ ಮಡಚಿ ಬರುವುದರಿಂದ ಅಲ್ಲಿ 10. ಈ 10 ಮಿ.ಮೀ. ಅನ್ನು ನೆನಪಿಟ್ಟುಕೊಳ್ಳಿ, ರೋಗ ಹುಟ್ಟಿದ್ದೇ ಅಲ್ಲಿ.

ತೊಗಲಿನ ಬಗ್ಗೆಯೂ ಒಂದು ಮಾತು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು ಒಣಗಿದ ಮೇಲೆ ಗಟ್ಟಿ, ಸೂಜಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಕ್ರೋಮ್ ಹದದ ಮೆತ್ತನೆ ತೊಗಲಿನ ಮೇಲೆ ಬ್ಯಾಗು ಹೊಲಿಯುವವರಿಗೆ ಈ ತಕರಾರು ಅಷ್ಟಾಗಿ ಬರುವುದಿಲ್ಲ. ಅವರ ಸೂಜಿ-ದಾರದ ಲೆಕ್ಕವನ್ನು ಹಾಗೇ ತಂದು ಇಲ್ಲಿ ಕೂರಿಸಿದರೆ ನಡೆಯುವುದೂ ಇಲ್ಲ.

ಅಂಗಡಿಯಲ್ಲಿ ಆಗಲೇ ಮಾಡಿ ನೋಡಿದ್ದು

ದಾರ ಪಿಂಜಿದಾಗ ಎಲ್ಲ ಕಡೆ ಮಾಡುವುದನ್ನೇ ಇಲ್ಲಿಯೂ ಮಾಡಿದ್ದರು. ಮೇಲಿನ ಟೆನ್ಷನ್ ತಿರುಪನ್ನು ಸಡಿಲಿಸಿದರು, ಕಡಿಯುವುದು ಸ್ವಲ್ಪ ತಡವಾಯಿತು. ಇನ್ನೂ ಸಡಿಲಿಸಿದರು, ಪಟ್ಟಿಯ ಕೆಳಗೆ ದಾರ ಕುಣಿಕೆ ಕುಣಿಕೆಯಾಗಿ ಜೋತುಬಿತ್ತು. ದಾರದ ಉಂಡೆಯೇ ಹಳತೆಂದು ಹೊಸ ಉಂಡೆ ತಂದರು. ಕೈಹೊಲಿಗೆಯ ರೂಢಿಯಂತೆ ದಾರಕ್ಕೆ ಜೇನುಮೇಣ ಸವರಿದರು. ಫೋನಿನಲ್ಲಿ ವಿಚಾರಿಸಿದ ಮೆಕ್ಯಾನಿಕ್ ಒಬ್ಬರು ಹುಕ್ಕಿನ ಟೈಮಿಂಗ್ (ಸೂಜಿಗೆ ಹೊಂದಿ ಅದು ಬರಬೇಕಾದ ಹೊತ್ತು) ಹೋಗಿದೆ, ಬಂದು ಕೂರಿಸಬೇಕು ಎಂದಿದ್ದರು.

ಮೇಣದ್ದು ಬೇರೆಯೇ ಕಾಟವಾಯಿತು. ಮೇಣವನ್ನು ಬಿಸಿಮಾಡಿ ಇಡುವ ಪಾತ್ರೆಯಿರುವ ಹಳೆಯ ಜೀನು ಹೊಲಿಯುವ ಮಷೀನುಗಳ ಮಾತು ಬೇರೆ. ಈ ಜಾತಿಯಲ್ಲಿ ತಣ್ಣನೆ ಮೇಣ ಟೆನ್ಷನ್ ಬಿಲ್ಲೆಗಳ ನಡುವೆ ಕೂತು ಗಟ್ಟಿಯಾಗುತ್ತದೆ. ಬಿಲ್ಲೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ, ತಿರುಪು ಎಷ್ಟು ತಿರುಗಿಸಿದರೂ ಬಿಗಿ ಒಂದೇ ಸಮ ಬರುವುದಿಲ್ಲ. ಬಿಲ್ಲೆಗಳನ್ನು ಕಳಚಿ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿದ ಮೇಲೆಯೇ ಮುಂದಿನ ಕೆಲಸ. ಬಾಂಡೆಡ್, ಅಂದರೆ ಎಳೆಗಳನ್ನು ಲೇಪದಿಂದ ಅಂಟಿಸಿದ ನೈಲಾನ್ ದಾರಕ್ಕೆ ಜಾರಿಕೆ ಬೇಕೇಬೇಕು ಎಂದಾದರೆ ದಾರದ ದಾರಿಯಲ್ಲಿ ಸಿಲಿಕಾನ್ ಎಣ್ಣೆ ಹೀರಿದ ಫೆಲ್ಟ್ ತುಂಡೊಂದು ಸಾಕು. ಮಷೀನ್ ಎಣ್ಣೆ, ಕೊಬ್ಬರಿ ಎಣ್ಣೆ ಬೇಡ. ಬಣ್ಣ ಹಾಕದ ತೊಗಲಿನಲ್ಲಿ ಆ ಕಲೆ ಹೋಗುವುದಿಲ್ಲ.

ತುಂಡಾದ ತುದಿ

ತಿರುಪಿಗೆ ಕೈ ಹಾಕುವ ಮೊದಲು ಕಡಿದ ದಾರದ ತುದಿಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು. ಎಲ್ಲಕ್ಕಿಂತ ಅಗ್ಗದ ತಪಾಸಣೆ ಇದೇ, ಆದರೂ ಮಾಡುವವರು ಕಡಿಮೆ.

ಬಿಗಿ ಜಾಸ್ತಿಯಾಗಿ ಕಡಿದಿದ್ದರೆ ಎಳೆಗಳು ಜಗ್ಗಿ ಉದ್ದವಾಗಿ, ಸುರುಳಿ ಸುತ್ತಿರುತ್ತವೆ. ಶಾಖಕ್ಕೆ ಕಡಿದಿದ್ದರೆ ತುದಿ ಕರಗಿ ಬಿರುಸಾಗಿ, ಸಣ್ಣ ಗುಂಡಿಯ ಹಾಗೆ ಕೈಗೆ ಹತ್ತುತ್ತದೆ. ದಾರದ ನೈಲಾನ್ ಕರಗುವುದು ಸುಮಾರು 255-260 ಡಿಗ್ರಿ ಸೆಲ್ಸಿಯಸ್‌ಗೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಕ್ಲಚ್ ಮೋಟರಿನ ಮೇಲೆ ಜೋರಾಗಿ ಓಡಿಸುವವರಲ್ಲಿ ಇದನ್ನು ಕಾಣಬಹುದು. ಹರಿತವಾದ ಲೋಹಕ್ಕೆ ಸಿಕ್ಕಿ ಕಡಿದಿದ್ದರೆ ಕೆಲವು ಎಳೆ ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರ, ಉಳಿದವು ಮಾತ್ರ ಜಗ್ಗಿ ಹೋಗಿರುತ್ತವೆ. ಉಜ್ಜಿ ಉಜ್ಜಿ ಸವೆದಿದ್ದರೆ ಒಂದೆರಡು ಇಂಚಿನ ಉದ್ದಕ್ಕೂ ದಾರ ಹತ್ತಿಯಾಗಿರುತ್ತದೆ, ಮೇಲಿನ ಬಾಂಡಿಂಗ್ ಲೇಪ ಬಿಳಿ ಪುಡಿಯಾಗಿ ಕಣ್ಣಿನ ಸುತ್ತ ಕೂತಿರುತ್ತದೆ.

ಜತ್ತದ ಮಷೀನಿನಲ್ಲಿ ಎರಡು ಬಗೆಯ ಗಾಯ ಒಟ್ಟಿಗೇ ಇದ್ದವು. ಉದ್ದಕ್ಕೂ ಹತ್ತಿಯಾಗಿತ್ತು, ಬಿಳಿ ಪುಡಿಯೂ ಇತ್ತು. ಅದರ ನಡುವೆ ಅಲ್ಲಲ್ಲಿ ನೇರವಾಗಿ ಕತ್ತರಿಸಿದ ಎಳೆಗಳೂ ಇದ್ದವು. ಕರಗಿದ ಗುರುತು ಎಲ್ಲೂ ಇಲ್ಲ. ನಿಮಿಷಕ್ಕೆ 300-400 ಹೊಲಿಗೆಯ ನಿಧಾನದಲ್ಲಿ ಓಡಿಸುತ್ತಿದ್ದರಿಂದ ಶಾಖದ ಮಾತೇ ಬರಲಿಲ್ಲ. ಎರಡು ಬಗೆಯ ಗಾಯ ಕಂಡರೆ ಎರಡು ಕಾರಣ ಹುಡುಕಬೇಕು. ಒಂದು ಸಿಕ್ಕಿತೆಂದು ಅಲ್ಲಿಗೇ ಪೆಟ್ಟಿಗೆ ಮುಚ್ಚಿದರೆ ಮತ್ತೆ ಅದೇ ಕಥೆ.

ಪಿಂಜುವ ಜಾಗವನ್ನೂ ಗೊತ್ತುಮಾಡಿಕೊಳ್ಳಬೇಕು. ಒಂದು ಗೇಣು ಹೊಲಿದು, ಕಡಿಯುವ ಮೊದಲೇ ನಿಲ್ಲಿಸಿ, ಉಂಡೆಯಿಂದ ಸೂಜಿಯವರೆಗೆ ದಾರವನ್ನು ಎರಡು ಬೆರಳ ನಡುವೆ ಸವರುತ್ತ ಬಂದರೆ ಆಯಿತು. ಉಂಡೆಯಿಂದ ಟೆನ್ಷನ್ ಬಿಲ್ಲೆಯವರೆಗೆ ನುಣುಪು. ಬಿಲ್ಲೆಯಿಂದ, ದಾರವನ್ನು ಮೇಲೆಳೆಯುವ ಟೇಕ್‌ಅಪ್ ಲಿವರಿನವರೆಗೂ ನುಣುಪು. ಟೇಕ್‌ಅಪ್ ದಾಟಿ ಸೂಜಿಯ ಕಡೆ ಇಳಿದ ಮೇಲೆ ಒರಟು. ಅಂದರೆ ಉಂಡೆ, ಸ್ಟ್ಯಾಂಡು, ದಾರದ ದಾರಿಯ ತೂತುಗಳು, ಬಿಲ್ಲೆ ಎಲ್ಲವೂ ಅನುಮಾನದಿಂದ ಹೊರಬಿದ್ದವು. ಉಳಿದದ್ದು ಕಣ್ಣು, ತೊಗಲಿನ ತೂತು, ತೊಗಲನ್ನು ಕೆಳಗಿನಿಂದ ಸರಿಸುವ ಫೀಡ್ ಡಾಗ್, ಹುಕ್ಕು.

ಗಾಯ ಮೇಲೆ ಕಂಡರೂ ಆಗುವುದು ಕೆಳಗೆ ಇರಬಹುದು, ಯಾಕೆಂದರೆ ಮೇಲಿನ ದಾರವನ್ನು ಕೆಳಗಿನ ಬಾಬಿನ್ ದಾರಕ್ಕೆ ಸಿಕ್ಕಿಸಿ ಹೊಲಿಯುವ ಲಾಕ್‌ಸ್ಟಿಚ್ ಮಷೀನಿನಲ್ಲಿ ಮೇಲಿನ ದಾರ ಒಂದೇ ಸಲಕ್ಕೆ ಹೊಲಿಗೆಯಾಗಿ ಕೂತುಬಿಡುವುದಿಲ್ಲ. 5 ಮಿ.ಮೀ. ಹೊಲಿಗೆ, 7 ಮಿ.ಮೀ. ತೊಗಲು ಎಂದರೆ ಒಂದು ಹೊಲಿಗೆಗೆ ಖರ್ಚಾಗುವ ಮೇಲಿನ ದಾರ ಹೆಚ್ಚುಕಡಿಮೆ 12 ಮಿ.ಮೀ. ಆದರೆ ಬಾಬಿನ್ ಕೇಸನ್ನು ಸುತ್ತಿ ಬರಲು ಹುಕ್ಕು ಅದರ ಹಲವು ಪಟ್ಟು ಉದ್ದದ ಕುಣಿಕೆಯನ್ನು ಕೆಳಗೆ ಎಳೆಯುತ್ತದೆ, ಟೇಕ್‌ಅಪ್ ಅದನ್ನು ಮತ್ತೆ ಮೇಲೆಳೆಯುತ್ತದೆ. ದಾರದ ಒಂದೇ ತುಣುಕು ಹೊಲಿಗೆಯಾಗಿ ಕೂರುವ ಮೊದಲು ಎಷ್ಟೋ ಸಲ ಕಣ್ಣಿನಲ್ಲಿ ಇಳಿದು ಏರುತ್ತದೆ, ಹುಕ್ಕಿನ ಮೈಮೇಲೆ ಹಾದುಬರುತ್ತದೆ. ಕೆಳಗಾದ ಒಂದು ಸಣ್ಣ ಗೀರು ಹೀಗೆ ಮೇಲೆ ಬಂದು, ಕಣ್ಣಿಗೆ ಉಜ್ಜಿ ದೊಡ್ಡದಾಗುತ್ತದೆ. ಪಿಂಜುವುದು ಹೊಲಿಗೆಯ ಶುರುವಿನಲ್ಲೇ ಕಾಣದೆ ಒಂದು ಗೇಣು ದಾಟಿದ ಮೇಲೆ ಕಾಣಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ಕಣ್ಣು, ತೋಡು

ಸೂಜಿಯ ಪೊಟ್ಟಣದ ಮೇಲೆ 135×17, ಸೈಜು 140/22 ಎಂದಿತ್ತು. ದಾರದ ಉಂಡೆಯ ಮೇಲೆ ಟೆಕ್ಸ್ 210 (ಟೆಕ್ಸ್ ಎಂಬುದು ದಾರದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ದಾರ ದಪ್ಪ). ಮೊದಲು ಟೆಕ್ಸ್ 135 ಹಾಕುತ್ತಿದ್ದರಂತೆ. ಎತ್ತಿನ ಜಗ್ಗಿಗೆ ಗಟ್ಟಿ ಇರಲಿ ಎಂದು ಈ ಸಲ ದಪ್ಪದ್ದು ತಂದಿದ್ದರು, ಸೂಜಿ ಮಾತ್ರ ಹಳೆಯ ಸೈಜಿನದೇ.

140 ಎಂದರೆ ಸೂಜಿಯ ಕಡ್ಡಿ 1.40 ಮಿ.ಮೀ. ದಪ್ಪ. ಕಣ್ಣಿನ ಅಗಲ ಸಾಮಾನ್ಯವಾಗಿ ಅದರ ಶೇ. 40ರ ಆಸುಪಾಸು, ಅಂದರೆ 0.56 ಮಿ.ಮೀ. ಟೆಕ್ಸ್ 210 ದಾರವೇ ಸುಮಾರು 0.53 ಮಿ.ಮೀ. ಕಣ್ಣಿನಲ್ಲಿ ಪೋಣಿಸಲು ಬಂದಿತೆಂದರೆ ಓಡಲೂ ಬಂದಿತೆಂದಲ್ಲ. ಕಣ್ಣಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸೂಜಿಯ ಒಂದು ಮೈಯಲ್ಲಿ ಮೇಲಿಂದ ಕಣ್ಣಿನವರೆಗೆ ಉದ್ದನೆಯ ತೋಡು ಇರುತ್ತದೆ. ಸೂಜಿ ತೊಗಲಿನಲ್ಲಿ ಇಳಿಯುವಾಗ ದಾರ ಆ ತೋಡಿನಲ್ಲಿ ಅಡಗಿ ಕೂರಬೇಕು. 140ರ ತೋಡಿನಲ್ಲಿ ಟೆಕ್ಸ್ 210 ಹಿಡಿಸದೆ ಅರ್ಧ ಹೊರಗೆ ಉಬ್ಬಿ ನಿಲ್ಲುತ್ತದೆ. ಒಣಗಿದ ಎಮ್ಮೆ ತೊಗಲಿನ ತೂತಿಗೂ ಸೂಜಿಗೂ ನಡುವೆ ಅದು ಪ್ರತಿ ಹೊಲಿಗೆಗೂ ಅರೆದುಹೋಗುತ್ತದೆ.

ಪರೀಕ್ಷೆ ಸುಲಭ. ಸೂಜಿಯನ್ನು ಮಷೀನಿನಿಂದ ಬಿಚ್ಚಿ, 30 ಸೆಂ.ಮೀ. ದಾರಕ್ಕೆ ಪೋಣಿಸಿ, ದಾರವನ್ನು ಬಿಗಿಯಾಗಿ ಹಿಡಿದು ಇಳಿಜಾರಾಗಿಸಬೇಕು. ಸೂಜಿ ತನ್ನ ಭಾರಕ್ಕೆ ತಾನೇ ಸರಸರ ಜಾರಿ ಕೆಳಗೆ ಬಂದರೆ ಜೋಡಿ ಸರಿ. ಇಲ್ಲಿ ದಾರವನ್ನು ನೆಟ್ಟಗೆ ನಿಲ್ಲಿಸಿದರೂ ಸೂಜಿ ಕದಲಲಿಲ್ಲ. ಅದೇ ಸೂಜಿಗೆ ಹಳೆಯ ಟೆಕ್ಸ್ 135 ಪೋಣಿಸಿದಾಗ ತಡೆದು ತಡೆದು ಜಾರಿತು. 160/23 ಸೂಜಿಗೆ ಟೆಕ್ಸ್ 135 ಹಾಕಿದಾಗ ಸರಾಗ.

135×17 ಎಂಬುದರ ಬಗ್ಗೆಯೂ ಹೇಳಬೇಕು. 135×16, 135×17 ಎರಡೂ ಒಂದೇ ಉದ್ದ, ಒಂದೇ ಬುಡ, ಮಷೀನಿನಲ್ಲಿ ಎರಡೂ ಕೂರುತ್ತವೆ. 17ರದ್ದು ಗುಂಡು ಮೂತಿ. ಬಟ್ಟೆ, ಕ್ಯಾನ್ವಾಸು, ರೆಕ್ಸಿನ್ನಿಗೆ. 16ರದ್ದು ಕತ್ತರಿಸಿ ಇಳಿಯುವ ಮೂತಿ, ತೊಗಲಿಗೆ. ಗುಂಡು ಮೂತಿ ತೊಗಲಿನ ನಾರನ್ನು ಪಕ್ಕಕ್ಕೆ ತಳ್ಳಿ ದಾರಿ ಮಾಡಿಕೊಳ್ಳುತ್ತದೆ, ಆ ನಾರು ಕೂಡಲೇ ವಾಪಸ್ ಬಂದು ಸೂಜಿಯನ್ನೂ ದಾರವನ್ನೂ ಅದುಮುತ್ತದೆ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ದಪ್ಪ ಸೂಜಿ ಕೊಡಿ ಎಂದರೆ ಹೆಚ್ಚಾಗಿ ಕೈಗೆ ಬರುವುದು 17ರದ್ದೇ. ತೊಗಲಿನ ಮೂತಿಯಲ್ಲೂ ಹಲವು ಬಗೆ ಇವೆ. ಎಲ್‌ಆರ್ ಎಂದಿರುವುದು ಓರೆಯಾಗಿ ಸೀಳುತ್ತದೆ, ಹೊಲಿಗೆ ತುಸು ಬಾಗಿ ಕೂರುತ್ತದೆ; ಎಸ್ ಎಂದಿರುವುದು ಹೊಲಿಗೆಯ ಸಾಲಿನ ಉದ್ದಕ್ಕೇ ಸೀಳುತ್ತದೆ, ಹೊಲಿಗೆ ನೆಟ್ಟಗೆ ಕಾಣುತ್ತದೆ. ಆದರೆ ಎಸ್ ಮೂತಿ ಹಾಕಿ ಹೊಲಿಗೆ ತೀರಾ ಒತ್ತಾಗಿಟ್ಟರೆ ಸೀಳುಗಳು ಒಂದಕ್ಕೊಂದು ಸೇರಿ ತೊಗಲು ಸಾಲಿಗುಂಟ ಹರಿಯುತ್ತದೆ. ಗೆಜ್ಜೆಪಟ್ಟಿಯಂಥ ಜಗ್ಗುವ ಸಾಮಾನಿಗೆ ಎಲ್‌ಆರ್ ಒಳ್ಳೆಯದು.

ದಾರ ಯಾವುದಿರಬೇಕು ಎಂಬುದು ಅಂಗಡಿಯವರಿಗೆ ಒಪ್ಪಿಸಲು ಕಷ್ಟವಾದ ಸಂಗತಿ. ಟೆಕ್ಸ್ 135 ಬಾಂಡೆಡ್ ನೈಲಾನಿನ ಒಂದೆಳೆ ದಾರ ಕಡಿಯಲು ಸುಮಾರು 10 ಕೆ.ಜಿ. ಜಗ್ಗು ಬೇಕು. ಪಟ್ಟಿಯ ಎರಡೂ ಅಂಚಿಗೆ ಸಾಲಿದೆ, ಪ್ರತಿ ಇಂಚಿಗೆ ಐದು ಹೊಲಿಗೆ. ಎತ್ತು ಜಗ್ಗಿದರೆ ಬಕಲ್ ಬಾಗೀತು, ತೊಗಲು ಹಿಗ್ಗೀತು, ಹೊಲಿಗೆಗೆ ಏನೂ ಆಗದು. ಟೆಕ್ಸ್ 210ಕ್ಕೆ ಬೇಕಾಗುವುದು 180/24 ಸೂಜಿ. ಈ ಸಪಾಟು ಮಷೀನು ಅದನ್ನು ಹೇಗೋ ತಿಂದೀತು, ಆದರೆ ಪ್ರತಿ ದಪ್ಪ ಪಟ್ಟಿಗೂ ಹೆಣಗುತ್ತದೆ. ಅಂಥ ದಾರವೇ ಬೇಕೆಂದರೆ ಜುಕಿ 441 ಜಾತಿಯ ದುಂಡು ತೋಳಿನ ಮಷೀನು ಬೇಕು, ಅದರ ಸೂಜಿಯ ಪದ್ಧತಿಯೂ ಬೇರೆ. ಆದ್ದರಿಂದ ಟೆಕ್ಸ್ 135ಕ್ಕೆ ವಾಪಸ್ಸು, ಸೂಜಿ 135×16, ಎಲ್‌ಆರ್, 160/23.

ಹೊಸ ಸೂಜಿ ಹಾಕಿದ ಮೇಲೂ

"ಕಾಕಾ, ಮತ್ತ ಪಿಂಜಾಕತ್ತೈತ್ರಿ," ಎಂದ ಹೊಲಿಯುವ ಹುಡುಗ. ಒಂದು ಗೇಣಿನ ಬದಲು ಎರಡು ಮೊಳ ಸಾಗಿತ್ತು, ಅಷ್ಟೇ. ಬಿಳಿ ಪುಡಿ ನಿಂತಿತ್ತು, ದಾರ ಹತ್ತಿಯಾಗುವುದೂ ನಿಂತಿತ್ತು. ನೇರವಾಗಿ ಕತ್ತರಿಸಿದ ಎಳೆಗಳು ಮಾತ್ರ ಉಳಿದಿದ್ದವು.

ಎಷ್ಟೋ ಮಷೀನುಗಳು ಈ ಘಟ್ಟದಲ್ಲಿ ಹಾಳಾಗುತ್ತವೆ. ಸೂಜಿ-ದಾರ ಸರಿಮಾಡಿದರೂ ಪಿಂಜುತ್ತದೆ ಎಂದ ಕೂಡಲೇ, ಹಾಗಾದರೆ ಸೂಜಿಯದಲ್ಲ ಎಂದು ಹಳೆಯ ಸೂಜಿಯನ್ನೇ ವಾಪಸ್ ಹಾಕಿ ಟೈಮಿಂಗಿಗೆ ಕೈ ಇಡುತ್ತಾರೆ. ರೋಗ ಶುರುಮಾಡಿದ ಕಾರಣ ಒಂದು, ಈಗ ನಡೆಸುತ್ತಿರುವ ಕಾರಣ ಇನ್ನೊಂದು ಇರಬಹುದು ಎಂಬುದು ಹೊಳೆಯುವುದಿಲ್ಲ. ಇಲ್ಲಿ ತೆಳು ಸೂಜಿ ಮೊದಲನೆಯದನ್ನು ಮಾಡಿತ್ತು, ಹೋಗುವಾಗ ಎರಡನೆಯದನ್ನು ಬಿಟ್ಟುಹೋಗಿತ್ತು.

ಎರಡನ್ನು ಬೇರೆ ಮಾಡಲು ತೆಳು ದಾರದ ಪರೀಕ್ಷೆ ಒಂದಿದೆ. 160/23 ಸೂಜಿ ಹಾಗೇ ಇರಲಿ, ದಾರ ಮಾತ್ರ ಟೆಕ್ಸ್ 90 ಹಾಕಿ, ಅಂಟು ಹಚ್ಚದ ಚೂರು ತೊಗಲಿನ ಮೇಲೆ ಹೊಲಿಯಿರಿ. ತೆಳು ದಾರ ಚೆನ್ನಾಗಿ ಓಡಿದರೆ ತೊಂದರೆ ಜಾಗದ್ದು: ಕಣ್ಣು ಸಣ್ಣದು, ಸಂದು ಸಣ್ಣದು, ಇಲ್ಲವೆ ಅಂಟು. ತೆಳು ದಾರವೂ ಪಿಂಜಿದರೆ ಎಲ್ಲೋ ಮುಳ್ಳು ಎದ್ದಿದೆ. ಅಂಟಿಲ್ಲದ ತೊಗಲು ಯಾಕೆಂದರೆ ಸೊಲ್ಯೂಷನ್ ಪೂರಾ ಒಣಗದೆ ಹೊಲಿದರೆ ಅದೂ ಕಣ್ಣಿನಲ್ಲಿ ಮೆತ್ತಿಕೊಂಡು ಇದೇ ಥರ ಪಿಂಜುತ್ತದೆ. ಅಂಟಿಸಿದ ಪಟ್ಟಿಯನ್ನು ಒಂದು ರಾತ್ರಿ ಬಿಟ್ಟು ಹೊಲಿಯುವುದು ವಾಸಿ. ಜತ್ತದಲ್ಲಿ ಟೆಕ್ಸ್ 90 ಇನ್ನೂ ಬೇಗ ಕಡಿಯಿತು. ಮುಳ್ಳೇ.

ಹುಕ್ಕಿನ ಮೂತಿ

ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕೀಳಬೇಕು. ಸರ್ವೋ ಮೋಟರು ಸದ್ದಿಲ್ಲದೆ ನಿಂತಿರುತ್ತದೆ, ಪೆಡಲಿಗೆ ಮೊಣಕಾಲು ತಾಗಿದರೆ ಬೆರಳು ಹೋಗುತ್ತದೆ. ಸೂಜಿ ಬಿಚ್ಚಿ, ಪ್ಲೇಟಿನ ತಿರುಪು ತೆಗೆದು, ಬಾಬಿನ್ ಹೊರತೆಗೆದು, ಫೀಡ್ ಡಾಗನ್ನೂ ಕಳಚಿದರೆ ಹುಕ್ಕು ಪೂರಾ ಕಾಣುತ್ತದೆ.

ಕಣ್ಣಿಗೆ ಕಾಣದ ಮುಳ್ಳನ್ನು ಹಿಡಿಯಲು ಹತ್ತಿ ಸಾಕು. ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿಯನ್ನು ಸ್ವಲ್ಪ ಹಿಂಜಿ, ಹುಕ್ಕಿನ ಮೂತಿಯ ಮೇಲೆ, ಅದರ ಒಳಮೈಯಲ್ಲಿ, ಬಾಬಿನ್ ಕೇಸಿನ ಅಂಚಿಗುಂಟ ಮೆಲ್ಲಗೆ ಸವರಬೇಕು. ನುಣುಪಿದ್ದಲ್ಲಿ ಹತ್ತಿ ಜಾರುತ್ತದೆ, ಮುಳ್ಳಿದ್ದಲ್ಲಿ ಒಂದು ಎಳೆ ಸಿಕ್ಕಿ ಉಳಿಯುತ್ತದೆ. ಇಲ್ಲಿ ಎರಡು ಕಡೆ ಉಳಿಯಿತು. ಒಂದು, ಹುಕ್ಕಿನ ಮೂತಿಯಲ್ಲಿ ಸೂಜಿಯ ಕಡೆಗೆ ತಿರುಗಿದ ಮೈ. ತುದಿ ಒಂದು ಕೂದಲಿನಷ್ಟು ಮಡಚಿ ಕೊಕ್ಕೆಯಾಗಿತ್ತು. ಇನ್ನೊಂದು, ಫೀಡ್ ಡಾಗಿನಲ್ಲಿರುವ ಸೂಜಿತೂತಿನ ಹಿಂದಿನ ಅಂಚು. ಈ ಜಾತಿಯಲ್ಲಿ ಸೂಜಿ ಇಳಿಯುವ ತೂತು ಇರುವುದು ಪ್ಲೇಟಿನಲ್ಲಲ್ಲ, ಫೀಡ್ ಡಾಗಿನಲ್ಲಿ. ಪ್ಲೇಟು ನೋಡಿ ನುಣುಪಿದೆ ಎಂದು ಸುಮ್ಮನಾಗುವುದು ಇಲ್ಲಿ ಆಗುವ ಸಾಮಾನ್ಯ ಎಡವಟ್ಟು.

ಎರಡು ಗಾಯ ಕೂಡಿ ನಡೆದದ್ದನ್ನು ಹೇಳುತ್ತವೆ. ಬಕಲಿನ ಮಡಿಕೆಯ ಬಳಿ 7ರಿಂದ 10 ಮಿ.ಮೀ.ಗೆ ಪಾದ ಏರಬೇಕಾದಾಗ ಮಷೀನು ತಡೆಯುತ್ತಿತ್ತು, ಹುಡುಗ ಹಿಂದಿನಿಂದ ಪಟ್ಟಿಯನ್ನು ಕೈಯಲ್ಲಿ ಜಗ್ಗುತ್ತಿದ್ದ. 140ರ ತೆಳು ಗುಂಡು ಮೂತಿಯ ಸೂಜಿ ತೊಗಲಿನಲ್ಲಿ ಸಿಕ್ಕಿಕೊಂಡೇ ಹಿಂದಕ್ಕೆ ಬಾಗಿ ತೂತಿನ ಹಿಂದಿನ ಅಂಚಿಗೆ ಬಡಿಯಿತು. ಇನ್ನೊಮ್ಮೆ ಬಲಕ್ಕೆ ಬಾಗಿ ಹುಕ್ಕಿನ ದಾರಿಗೆ ಬಂತು. ಗುರುತು ಮುಂದಿನ ಅಂಚಿನಲ್ಲಿದ್ದಿದ್ದರೆ ಪಟ್ಟಿಯನ್ನು ಮುಂದಿನಿಂದ ತಡೆದು ಹಿಡಿಯುತ್ತಿದ್ದಾರೆ ಎಂದಾಗುತ್ತಿತ್ತು. ಹಿಂದಕ್ಕೆ ಹೊಲಿಯುವಾಗ ಹೆಚ್ಚು ಪಿಂಜುತ್ತಿದ್ದುದಕ್ಕೂ ಉತ್ತರ ಇಲ್ಲೇ ಇದೆ. ಸೂಜಿಯೂ ತೊಗಲಿನೊಂದಿಗೆ ನಡೆಯುವ ಮಷೀನಿನಲ್ಲಿ ರಿವರ್ಸ್ ಹಾಕಿದಾಗ ಹುಕ್ಕು ಬರುವ ಹೊತ್ತಿಗೆ ಸೂಜಿ ನಿಂತಿರುವ ಜಾಗವೇ ಬದಲಾಗುತ್ತದೆ, ಕುಣಿಕೆ ಮೂತಿಗೆ ಇನ್ನಷ್ಟು ಒತ್ತಿಕೊಂಡು ಹಾಯುತ್ತದೆ.

ಟೈಮಿಂಗನ್ನೂ ನೋಡಿದ್ದಾಯಿತು. ಹೊಲಿಗೆಯ ಉದ್ದ ಸೊನ್ನೆಗೆ ಇಟ್ಟು, ಹೊಸ ಸೂಜಿ ಹಾಕಿ, ಕೈಚಕ್ರ ತಿರುಗಿಸಿ ಸೂಜಿಯನ್ನು ತೀರಾ ಕೆಳಗೆ ತಂದು, ಅಲ್ಲಿಂದ ಸುಮಾರು 2.5 ಮಿ.ಮೀ. ಮೇಲೇರಿದಾಗ ಹುಕ್ಕಿನ ಮೂತಿ ಸೂಜಿಯ ನಡುಗೆರೆಗೆ ಬರಬೇಕು, ಕಣ್ಣಿನ ಮೇಲಂಚಿಗಿಂತ 1.5ರಿಂದ 2 ಮಿ.ಮೀ. ಮೇಲಿರಬೇಕು. ಅಷ್ಟೂ ಸರಿಯಾಗಿಯೇ ಇತ್ತು. ಟೈಮಿಂಗ್ ಹೋದ ಮಷೀನು ಸಾಮಾನ್ಯವಾಗಿ ಮೊದಲು ಹೊಲಿಗೆ ಬಿಡುತ್ತದೆ, ಆಮೇಲೆ ದಾರ ಪಿಂಜುತ್ತದೆ. ಒಂದೂ ಹೊಲಿಗೆ ಬಿಡದೆ ಬರೀ ಪಿಂಜುತ್ತಿದ್ದರೆ ಟೈಮಿಂಗನ್ನು ಕೊನೆಗೆ ಅನುಮಾನಿಸಬೇಕು. ಹುಕ್ಕಿನ ತಿರುಪು ಸಡಿಲಿಸಿದ್ದರೆ ಸರಿಯಿದ್ದದ್ದೂ ಹೋಗುತ್ತಿತ್ತು.

ಉಜ್ಜಿದ ಬಗೆ

ಹುಕ್ಕಿನ ಮೂತಿಗೆ ಅರ ಹಾಕಬಾರದು. ಮೂತಿ ಅರ್ಧ ಮಿ.ಮೀ. ಗಿಡ್ಡವಾದರೂ ಕುಣಿಕೆ ಹಿಡಿಯುವ ಹೊತ್ತು ತಪ್ಪುತ್ತದೆ, ಆಗ ನಿಜವಾಗಿಯೇ ಟೈಮಿಂಗ್ ಹೋದಂತೆ. 1000 ನಂಬರಿನ ವಾಟರ್ ಪೇಪರನ್ನು ಬೆರಳಗಲ ಕತ್ತರಿಸಿ, ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ, ಒಂದು ಹನಿ ಮಷೀನ್ ಎಣ್ಣೆ ಬಿಟ್ಟು, ಮಡಚಿದ ಕೊಕ್ಕೆಯ ಮೇಲಷ್ಟೇ ಬುಡದಿಂದ ತುದಿಯ ಕಡೆಗೆ ಎಳೆಯಬೇಕು. ತುದಿಯಿಂದ ಬುಡಕ್ಕೆ ಎಳೆದರೆ ಹೊಸ ಮುಳ್ಳು ಏಳುತ್ತದೆ. ನಾಲ್ಕೈದು ಎಳೆತ, ಒರೆಸು, ಹತ್ತಿ ಸವರಿ ನೋಡು. ಹತ್ತಿ ಸಿಗುವುದು ನಿಂತ ಕೂಡಲೇ ನಿಲ್ಲಿಸಿ 2000 ನಂಬರಿಗೆ ಹೋಗಬೇಕು. ಕಡೆಗೆ ತೊಗಲಿನ ಚೂರಿಗೆ ಹಸಿರು ಪಾಲಿಶ್ ಸೋಪು ಹಚ್ಚಿ ಉಜ್ಜಿದರೆ ಹೊಳಪು ಬರುತ್ತದೆ. ತೊಗಲಿನ ಅಂಗಡಿಯಲ್ಲಿ ಚೂರಿಗೆ ಬರವಿಲ್ಲ.

ಫೀಡ್ ಡಾಗಿನ ತೂತಿನೊಳಗೆ ಪೇಪರು ಸರಿಯಾಗಿ ಹೋಗುವುದಿಲ್ಲ. ದಪ್ಪ ಹತ್ತಿದಾರಕ್ಕೆ ಅದೇ ಪಾಲಿಶ್ ಸೋಪು ತಿಕ್ಕಿ, ತೂತಿನಲ್ಲಿ ಪೋಣಿಸಿ, ಎರಡೂ ತುದಿ ಹಿಡಿದು ಹಿಂದಿನ ಅಂಚಿಗೆ ಒತ್ತಿ ಆಚೀಚೆ ಎಳೆಯಬೇಕು, ಒಂದೇ ಜಾಗದಲ್ಲಿ ತೋಡು ಬೀಳದಂತೆ ದಾರವನ್ನು ಸರಿಸುತ್ತ. ಅಂಚು ಚೂಪಾಗಿರದೆ ಸ್ವಲ್ಪ ದುಂಡಗಾಗಬೇಕು. ತೂತಿನ ಕೆಳಗಿನ ಅಂಚನ್ನು ಮರೆಯಬಾರದು, ಕುಣಿಕೆ ಮೇಲೇರುವಾಗ ಮೊದಲು ತಾಗುವುದು ಅದಕ್ಕೇ.

ಎಲ್ಲ ಮುಗಿದ ಮೇಲೆ ಪೇಪರಿನ ಪುಡಿ ಹುಕ್ಕಿನ ಸಂದಿನಲ್ಲಿ ಉಳಿಯಕೂಡದು. ಪೆಟ್ರೋಲಿನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು, ಒಣಗಿಸಿ, ಹುಕ್ಕು ತಿರುಗುವ ಜಾಗಕ್ಕೆ ಬಿಳಿ ಮಷೀನ್ ಎಣ್ಣೆ. ಹತ್ತಿರದಲ್ಲಿ ಬೀಡಿ ಬೇಡ.

ದಪ್ಪ ಸೂಜಿಗೆ ಜಾಗ

140ರಿಂದ 160ಕ್ಕೆ ಹೋದರೆ ಸೂಜಿಯ ದಪ್ಪ 0.2 ಮಿ.ಮೀ. ಹೆಚ್ಚುತ್ತದೆ, ಹುಕ್ಕಿನ ಕಡೆಗೆ ಅದರ ಅರ್ಧ. ಹುಕ್ಕಿಗೂ ಸೂಜಿಗೂ ನಡುವೆ ಇರಬೇಕಾದ ಸಂದೇ 0.05ರಿಂದ 0.1 ಮಿ.ಮೀ. ಅಂದರೆ ಸೂಜಿ ಬದಲಾದದ್ದರಿಂದಲೇ ಸಂದು ಪೂರಾ ಮುಚ್ಚಿಹೋಗಬಹುದು. ದಪ್ಪ ಸೂಜಿ ಹಾಕಿದ ಮೇಲೆ ಟಿಕ್ ಟಿಕ್ ಸದ್ದು ಬರುತ್ತದೆ, ಮೊದಲಿದ್ದದ್ದೇ ವಾಸಿ ಎಂದು ತೆಳುವಿಗೇ ಮರಳುವವರು ಇದನ್ನು ಅಳೆದು ನೋಡಿರುವುದಿಲ್ಲ.

ಅಳೆಯಲು ಗೇಜು ಇಲ್ಲದಿದ್ದರೆ ನೋಟ್‌ಬುಕ್ಕಿನ ಹಾಳೆ ಸಾಕು, ಅದು ಸುಮಾರು 0.1 ಮಿ.ಮೀ. ಹುಕ್ಕಿನ ಮೂತಿಯನ್ನು ಸೂಜಿಯ ಕಣ್ಣಿನ ಮೇಲಿರುವ ತಗ್ಗಿನ ಎದುರಿಗೆ ತಂದು ಹಾಳೆಯ ತುಂಡು ನಡುವೆ ಇಟ್ಟರೆ ಮೆಲ್ಲಗೆ ಉಜ್ಜುತ್ತ ಬರಬೇಕು. ಸಿಕ್ಕಿಕೊಂಡರೆ ಸಂದು ಕಡಿಮೆ, ಸಲೀಸಾಗಿ ಜಾರಿದರೆ ಹೆಚ್ಚು. ಜತ್ತದಲ್ಲಿ ಸಂದಿಗೆ ತೊಂದರೆಯಿರಲಿಲ್ಲ, ಆದರೆ ಹುಕ್ಕಿನ ಬುಡದ ನೀಡಲ್ ಗಾರ್ಡ್ ಸೂಜಿಯಿಂದ ದೂರ ಮಡಚಿಹೋಗಿತ್ತು. ಸೂಜಿ ಹುಕ್ಕಿನ ಕಡೆ ಬಾಗಿದರೆ ಮೂತಿಗಿಂತ ಮುಂಚೆ ತಾನು ತಾಗಿ ಅದನ್ನು ಆಚೆ ಸರಿಸುವುದೇ ಈ ಗಾರ್ಡಿನ ಕೆಲಸ. ಅದು ಮಡಚಿದ್ದಕ್ಕೇ ಹುಕ್ಕಿಗೆ ಏಟು ಬಿದ್ದದ್ದು. ಸಣ್ಣ ಇಕ್ಕಳದಿಂದ ವಾಪಸ್ ಬಗ್ಗಿಸಿ, ಸೂಜಿಗೆ ತಾಗಿಯೂ ತಾಗದಂತೆ ನಿಲ್ಲಿಸಿದ್ದಾಯಿತು. ಸೂಜಿಯನ್ನು ತಳ್ಳುವಷ್ಟು ಒಳಗೆ ಬಗ್ಗಿಸಿದರೆ ಅದೂ ದಾರವನ್ನು ಅರೆಯುತ್ತದೆ.

ಸೂಜಿ ಕೂರಿಸುವಾಗ ಉದ್ದ ತೋಡು ಎಡಕ್ಕೆ, ತಗ್ಗು ಬಲಕ್ಕೆ, ಹುಕ್ಕಿನ ಕಡೆಗೆ. ದಾರ ಎಡದಿಂದ ಬಲಕ್ಕೆ. ಬುಡ ಗುಂಡಗಿರುವುದರಿಂದ ಸೂಜಿ ಸ್ವಲ್ಪ ತಿರುಗಿ ಕೂತರೂ ಗೊತ್ತಾಗುವುದಿಲ್ಲ. ಕಣ್ಣಿನಲ್ಲಿ ಒಂದು ತೆಳು ತಂತಿ ತೂರಿಸಿದರೆ ಓರೆ ತಕ್ಷಣ ಕಾಣುತ್ತದೆ.

ಕೈಯಿಂದ ತಿರುಗಿಸಿ ನೋಡುವುದು

ಎಲ್ಲ ಕೂರಿಸಿದ ಮೇಲೆ ಮೋಟರು ಹಾಕದೆ, ದಾರ ಪೋಣಿಸಿ, ಕೈಚಕ್ರವನ್ನೇ ನಿಧಾನ ತಿರುಗಿಸಿ. ಮೂತಿ ಕುಣಿಕೆಯನ್ನು ಹಿಡಿಯುತ್ತದೆ, ಕುಣಿಕೆ ಹಿಗ್ಗಿ ಬಾಬಿನ್ ಕೇಸನ್ನು ಸುತ್ತುತ್ತದೆ, ಓಪನರ್ ಕೇಸನ್ನು ತುಸು ಹಿಂದಕ್ಕೆ ಎಳೆದು ಸಂದು ಬಿಡುತ್ತದೆ, ಆ ಸಂದಿನಲ್ಲಿ ದಾರ ಹಾದು ಮೇಲೇರುತ್ತದೆ. ಸಂದು ದಾರದ ದಪ್ಪಕ್ಕಿಂತ ತುಸುವೇ ಹೆಚ್ಚಿರಬೇಕು. ದಾರ ಅಲ್ಲಿ ಸಿಕ್ಕಿ ಟಪ್ ಎಂದು ಬಿಟ್ಟುಕೊಂಡರೆ ಅದು ಕೈಗೂ ಗೊತ್ತಾಗುತ್ತದೆ, ಕಿವಿಗೂ ಕೇಳುತ್ತದೆ. ಈ ಮಷೀನಿನಲ್ಲಿ ಟೆಕ್ಸ್ 210 ಅಲ್ಲಿಯೂ ಸಿಕ್ಕುತ್ತಿತ್ತು, ಟೆಕ್ಸ್ 135 ಸಿಕ್ಕಲಿಲ್ಲ. ಓಪನರಿಗೆ ಕೈ ಹಚ್ಚುವ ಕೆಲಸ ತಪ್ಪಿತು.

ಟೆನ್ಷನ್ ಅಂತೂ ಹೊಸದಾಗಿಯೇ ಇಡಬೇಕಾಯಿತು. ಮೊದಲು ಬಾಬಿನ್: ದಾರ ಎಳೆದರೆ ಜಗ್ಗದೆ, ಸಡಿಲವೂ ಆಗದೆ ಒಂದೇ ಸಮ ಬರಬೇಕು. ಆಮೇಲೆ ಮೇಲಿನದನ್ನು ಸ್ವಲ್ಪ ಸ್ವಲ್ಪವೇ ಬಿಗಿದು, ಎರಡು ದಾರಗಳ ಗಂಟು 7 ಮಿ.ಮೀ. ತೊಗಲಿನ ನಡುವೆ ಅಡಗುವವರೆಗೆ. ಗಂಟು ಕೆಳಮೈಯಲ್ಲಿ ಕಂಡರೆ ಮೇಲಿನದು ಸಡಿಲ. ಚೆಕ್ ಸ್ಪ್ರಿಂಗನ್ನೂ ಅಲಕ್ಷಿಸಬೇಡಿ. ಸೂಜಿಯ ಮೂತಿ ತೊಗಲಿಗೆ ತಾಗುವವರೆಗೆ ದಾರದ ಸಡಿಲನ್ನು ಅದು ಎಳೆದು ಹಿಡಿಯಬೇಕು. ಮೊದಲೇ ಬಿಟ್ಟರೆ ಸಡಿಲ ದಾರ ಸೂಜಿಯ ಮುಂದೆಯೇ ಬಂದು, ಕತ್ತರಿಸುವ ಮೂತಿ ತನ್ನ ದಾರವನ್ನೇ ಸೀಳುತ್ತದೆ. ಟೆನ್ಷನ್ ತೀರಾ ಸಡಿಲಿಸಿ ಹೊಲಿಯುತ್ತಿದ್ದ ದಿನಗಳಲ್ಲಿ ಕೆಲವು ಎಳೆ ಹೀಗೂ ಹೋಗಿರಬೇಕು.

ಚೂರು ತೊಗಲಿನ ಮೇಲೆ ಒಂದು ಮೀಟರ್ ಮುಂದಕ್ಕೆ, ಒಂದು ಗೇಣು ಹಿಂದಕ್ಕೆ, ಮತ್ತೆ ಮುಂದಕ್ಕೆ. ಟೇಕ್‌ಅಪ್‌ನಿಂದ ಸೂಜಿಯವರೆಗೆ ದಾರ ಸವರಿ ನೋಡಿದರೆ ನುಣುಪು. ಆಮೇಲೆ ಅಂಟಿಸಿ ಒಣಗಿಸಿದ ಪಟ್ಟಿ, ಎರಡೂ ಅಂಚು, ಬಕಲಿನ ತುದಿ ಸೇರಿ. ದಾರ ಪಿಂಜಲಿಲ್ಲ.

ಬಕಲಿನ ತುದಿಯಲ್ಲಿ ಮಾತ್ರ ಹೊಲಿಯುವ ರೀತಿಯನ್ನೇ ಬದಲಿಸಬೇಕಾಯಿತು. ಮಡಚಿ ಬರುವ ಪದರವನ್ನು ಅಂಟಿಸುವ ಮೊದಲೇ ರಂಪಿಗೆಯಿಂದ ಒಂದೂವರೆ ಇಂಚಿನ ಉದ್ದಕ್ಕೆ ಓರೆಯಾಗಿ ಕೆತ್ತಿ, ತುದಿಯಲ್ಲಿ 1 ಮಿ.ಮೀ.ಗೆ ಇಳಿಸಿದರೆ 7ರಿಂದ 10ಕ್ಕೆ ಮೆಟ್ಟಿಲು ಇರುವುದಿಲ್ಲ, ಪಾದ ತಾನೇ ಏರುತ್ತದೆ. ಆ ಎಂಟು-ಹತ್ತು ಹೊಲಿಗೆ ಮೋಟರಿನಲ್ಲಿ ಬೇಡ, ಕೈಚಕ್ರದಲ್ಲಿ. ಪಟ್ಟಿಯನ್ನು ಹಿಂದಿನಿಂದ ಜಗ್ಗುವುದಂತೂ ಬೇಡವೇ ಬೇಡ. ಪಾದದ ಒತ್ತಡ ಸಾಲದಿದ್ದರೆ ಮೇಲಿನ ಒತ್ತುತಿರುಪನ್ನು ಅರ್ಧ ಸುತ್ತು ಬಿಗಿಯಬಹುದು. ಸೂಜಿಯನ್ನು ದಿನಕ್ಕೊಂದು ಬದಲಿಸುವುದು ಇಂಥ ತೊಗಲಿಗೆ ದುಂದಲ್ಲ, ಏನಾದರೂ ಗಟ್ಟಿಗೆ ಬಡಿದ ಸೂಜಿಯನ್ನಂತೂ ನೆಟ್ಟಗೆ ಕಂಡರೂ ಎಸೆಯಬೇಕು. ಒಮ್ಮೆ ಉಜ್ಜಿದ ಹುಕ್ಕಿನ ಮೂತಿಯಲ್ಲಿ ಇನ್ನೊಂದು ಏಟಿಗೆ ಉಜ್ಜುವಷ್ಟು ಲೋಹ ಉಳಿದಿಲ್ಲ. ಮುಂದಿನ ಸಲ ಹುಕ್ಕನ್ನೇ ಬದಲಿಸಬೇಕಾಗುತ್ತದೆ, ಸೀಜನ್ನಿನಲ್ಲಿ ಬಿಡಿಭಾಗಕ್ಕೆ ಓಡಾಡುವ ಬದಲು ಈಗಲೇ ಒಂದು ತರಿಸಿಡಿ ಎಂದು ಅಂಗಡಿಯವರಿಗೆ ಹೇಳಿದ್ದಾಗಿದೆ.